ಹಬ್ಬದ ದಿನ ಮನೆ ತುಂಬ ನೆಂಟರು: ನಾಯಿ, ಬೆಕ್ಕನ್ನು ಕಾಯುವುದು ಹೇಗೆ?

ಎರಡುಬಾಲ

ಎಲ್ಲರಿಗೂ ನಮಸ್ಕಾರ. ಈ ಸಲದ ಹಬ್ಬದೂಟ ನಮ್ಮ ಮನೆಯಲ್ಲಿ. ದೊಡ್ಡವರು, ಮಕ್ಕಳು, ಅಂಬೆಗಾಲಿಡುವ ಒಂದು ಕೂಸು ಎಲ್ಲ ಸೇರಿ ಇಪ್ಪತ್ತು ಜನ ದಾಟುತ್ತಾರೆ. ಕೆಲವರು ರಾತ್ರಿಯೂ ಉಳಿಯುತ್ತಾರೆ. ಮನೆಯಲ್ಲಿ ಒಂದು ನಾಯಿ ಇದೆ, ಹತ್ತು ಕೆಜಿ ತೂಕ, ಕೆಳಗೆ ಬಿದ್ದದ್ದು ಏನೆಂದು ಮೂಸುವ ಮೊದಲೇ ನುಂಗಿಬಿಡುತ್ತದೆ. ಒಂದು ಗಂಡು ಬೆಕ್ಕೂ ಇದೆ, ಹೊಸ ದನಿ ಕೇಳಿ ಮಂಚದಡಿ ಸೇರಿತೆಂದರೆ ಹೊರಗೆ ಬರುವುದು ಜನ ಹೋದ ಮೇಲೆಯೇ.

ಕೊಡಬಾರದ ತಿನಿಸುಗಳ ಪಟ್ಟಿ ನನ್ನ ಹತ್ತಿರ ಇದೆ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಯೂ ಆಗಿದೆ. ನನ್ನ ಚಿಂತೆ ಅದಲ್ಲ. ಆ ಪಟ್ಟಿ ಓದುವವಳು ನಾನೊಬ್ಬಳು, ತಟ್ಟೆ ಹಿಡಿದು ಓಡಾಡುವವರು ಅಷ್ಟೊಂದು ಜನ. ಎಲ್ಲರಿಗೂ ಪ್ರಾಣಿಗಳ ಮೇಲೆ ಅಕ್ಕರೆ, ಎಲ್ಲರೂ ಒಂದೊಂದು ತುತ್ತು ಹಾಕುವವರೇ. ನಾನು ಆ ಹೊತ್ತಿಗೆ ಅಡುಗೆಮನೆಯಲ್ಲಿ ಸಿಕ್ಕಿಕೊಂಡಿರುತ್ತೇನೆ. ಇಂಥ ದಿನವನ್ನು ನೀವೆಲ್ಲ ಹೇಗೆ ನಿಭಾಯಿಸುತ್ತೀರಿ? ಹಬ್ಬಕ್ಕೆ ಇನ್ನೂ ಕೆಲವು ವಾರ ಇದೆ. ಈಗಿನಿಂದಲೇ ಮಾಡಿಕೊಳ್ಳಬೇಕಾದ್ದು ಏನಾದರೂ ಇದ್ದರೆ ಹೇಳಿ.

ನಾಯಿಶಾಲೆ

ಕೆಲವು ವಾರ ಇದ್ದರೆ ಬೇಕಾದಷ್ಟಾಯಿತು. ನಾನು ನಾಯಿಗಳಿಗೆ ತರಬೇತಿ ಕೊಡುವ ಕೆಲಸದಲ್ಲಿದ್ದೇನೆ. ಹಬ್ಬ ಕಳೆದ ಮೇಲೆ ಬರುವ ಫೋನುಗಳಲ್ಲಿ ಕೇಳುವ ಮಾತು ಹೆಚ್ಚುಕಡಿಮೆ ಒಂದೇ: "ಅವರು ನೋಡಿಕೊಳ್ಳುತ್ತಿದ್ದಾರೆ ಅಂದುಕೊಂಡಿದ್ದೆ." ಮನೆ ತುಂಬ ಜನ ಇದ್ದಾಗ ನಾಯಿಯ ಮೇಲೆ ಎಲ್ಲರ ಕಣ್ಣೂ ಇದೆ ಅನ್ನಿಸುತ್ತದೆ. ನಿಜಕ್ಕೂ ಯಾರ ಕಣ್ಣೂ ಇರುವುದಿಲ್ಲ.

ಆದ್ದರಿಂದ ಮೊದಲು ಒಬ್ಬರಿಗೆ ಹೊಣೆ ವಹಿಸಿ. ಅಡುಗೆ ಮಾಡುವವರಿಗೆ ಬೇಡ, ಬಾಗಿಲಲ್ಲಿ ನಿಂತು ಬಂದವರನ್ನು ಕರೆಯುವವರಿಗೂ ಬೇಡ. ಮನೆಯ ಹದಿನಾರು ಹದಿನೇಳರ ಹುಡುಗನೋ ಹುಡುಗಿಯೋ ಈ ಕೆಲಸಕ್ಕೆ ತುಂಬಾ ಚೆನ್ನಾಗಿ ಹೊಂದುತ್ತಾರೆ, ನಂಬಿ ಕೊಟ್ಟ ಕೆಲಸ ಅಂದರೆ ಶ್ರದ್ಧೆಯಿಂದ ಮಾಡುತ್ತಾರೆ. ಅವರು ಊಟಕ್ಕೆ ಕೂರುವಾಗ "ಇನ್ನು ನಾಯಿ ನಿನ್ನ ಜವಾಬ್ದಾರಿ" ಎಂದು ಇನ್ನೊಬ್ಬರಿಗೆ ಬಾಯಿಬಿಟ್ಟು ಹೇಳಿ ಒಪ್ಪಿಸಬೇಕು. ಹೇಳದೆ ಕೈಬದಲಾದರೆ ಹೊಣೆ ಅಲ್ಲೇ ಕಳೆದುಹೋಗುತ್ತದೆ.

ಆಮೇಲೆ ಒಂದು ಕೋಣೆ. ಮುಂಬಾಗಿಲು, ಅಡುಗೆಮನೆ, ನೆಂಟರ ಚೀಲಗಳು ಮೂರರಿಂದಲೂ ದೂರ ಇರುವಂಥದ್ದು. ಇವತ್ತಿನಿಂದಲೇ ದಿನಕ್ಕೊಮ್ಮೆ ನಾಯಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಅದರ ಹಾಸಿಗೆ, ನೀರು, ಅಗಿಯುವ ಆಟಿಕೆ ಅಲ್ಲಿರಲಿ, ಒಂದು ಹೊತ್ತಿನ ಊಟವನ್ನೂ ಅಲ್ಲೇ ಹಾಕಿ. ಮೊದಲು ಐದು ನಿಮಿಷ ಬಾಗಿಲು ಮುಚ್ಚಿ, ನಿಧಾನವಾಗಿ ಹೆಚ್ಚಿಸಿ. ಹಬ್ಬದ ದಿನವೇ ಮೊದಲ ಸಲ ಕೂಡಿಹಾಕಿದರೆ ಅದಕ್ಕೆ ಶಿಕ್ಷೆಯಂತೆ ತೋರುತ್ತದೆ, ಬೊಗಳುತ್ತದೆ, ಬಾಗಿಲು ಕೆರೆಯುತ್ತದೆ, ಯಾರೋ ಮರುಕಪಟ್ಟು ಬಿಟ್ಟುಬಿಡುತ್ತಾರೆ. ವಾರಗಟ್ಟಲೆ ರೂಢಿಯಾಗಿದ್ದರೆ ಆ ಗದ್ದಲದಲ್ಲಿ ನಾಯಿ ತಾನಾಗಿಯೇ ಅಲ್ಲಿಗೆ ಹೋಗಿ ಮಲಗುತ್ತದೆ.

ದೊಡ್ಡಮನೆ

ಬೇಸರ ಮಾಡಿಕೊಳ್ಳಬೇಡಿ, ನನಗೆ ಇದು ಒಪ್ಪಿಗೆಯಾಗುತ್ತಿಲ್ಲ. ನಾವು ಚಿಕ್ಕವರಿದ್ದಾಗಿನಿಂದ ಮನೆಯಲ್ಲಿ ನಾಯಿಗಳಿವೆ. ನಾವು ಉಂಡಿದ್ದನ್ನೇ ಅವೂ ಉಂಡವು, ಹಬ್ಬದ ಎಂಜಲು ತಿಂದೇ ಬೆಳೆದವು, ಮುಪ್ಪಾಗಿಯೇ ಸತ್ತವು. ವರ್ಷವೆಲ್ಲ ಜೊತೆಗಿರುವ ಜೀವವನ್ನು ಸಂತೋಷದ ದಿನವೇ ಕೋಣೆಯಲ್ಲಿ ಕೂಡಿ ನಾವೆಲ್ಲ ಉಣ್ಣುವುದು ನನಗೆ ಸಂಕಟ. ಒಂದು ತುಂಡು ಕೇಕು ತಿಂದರೆ ಏನಾಗಿಬಿಡುತ್ತದೆ ಎಂದು ಯಾರಾದರೂ ತಿಳಿಸಿ ಹೇಳಿದರೆ ಕೇಳುತ್ತೇನೆ.

ರಾತ್ರಿಪಾಳಿ ಪಶುವೈದ್ಯೆ

ದೊಡ್ಡಮನೆ ಅವರೇ, ಕೇಳುತ್ತೇನೆ ಎಂದಿರಲ್ಲ, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ನಿಮ್ಮ ನಾಯಿಗಳು ಚೆನ್ನಾಗಿ ಬಾಳಿದ್ದು ನಿಜ. ಅವಕ್ಕೆ ಸಿಕ್ಕಿದ್ದು ಹೆಚ್ಚಾಗಿ ಅನ್ನ, ರೊಟ್ಟಿಯಂಥ ಸಾದಾ ಎಂಜಲು ಇರಬೇಕು. ಈಗಿನ ಹಬ್ಬದ ಮೇಜಿನ ಮೇಲೆ ಇರುವುದು ಬೇರೆ.

ಚಾಕೊಲೇಟನ್ನೇ ತೆಗೆದುಕೊಳ್ಳಿ. ಅದರಲ್ಲಿ ಥಿಯೋಬ್ರೊಮಿನ್ ಎಂಬುದಿದೆ, ಜೊತೆಗೆ ಕೆಫೀನ್. ನಮ್ಮ ದೇಹ ಅದನ್ನು ಬೇಗ ಹೊರಹಾಕುತ್ತದೆ. ನಾಯಿಯ ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯಲು ಸುಮಾರು 17 ಗಂಟೆ ಬೇಕು. ದೇಹತೂಕದ ಕೆಜಿಗೆ 20 ಮಿಲಿಗ್ರಾಂ ಮುಟ್ಟಿದಾಗ ವಾಂತಿ, ಭೇದಿ, ಚಡಪಡಿಕೆ ಶುರು. 40ರಿಂದ 50ರ ಹೊತ್ತಿಗೆ ಹೃದಯದ ಬಡಿತ ತಪ್ಪುತ್ತದೆ, 60 ದಾಟಿದರೆ ಫಿಟ್ಸ್ ಬರಬಹುದು. ಹತ್ತು ಕೆಜಿಯ ನಾಯಿಗೆ ಆ ಮೊದಲ ಮಟ್ಟ ಮುಟ್ಟಲು ಹಾಲಿನ ಚಾಕೊಲೇಟ್ 100 ಗ್ರಾಂ ಆಸುಪಾಸು ಬೇಕು. ಸಕ್ಕರೆಯಿಲ್ಲದ ಬೇಕಿಂಗ್ ಚಾಕೊಲೇಟಾದರೆ 15 ಗ್ರಾಂಗಿಂತ ಕಡಿಮೆ ಸಾಕು, ಕೋಕೋ ಪುಡಿ ಅದಕ್ಕಿಂತಲೂ ಕಡಿಮೆ. ಅಂದರೆ "ಒಂದು ತುಂಡು ಕೇಕು" ಎನ್ನುವುದಕ್ಕೆ ಒಂದೇ ಉತ್ತರ ಇಲ್ಲ. ಯಾವ ಚಾಕೊಲೇಟು, ಎಷ್ಟು ಹಾಕಿದ್ದಾರೆ, ನಾಯಿ ಎಷ್ಟು ಕೆಜಿ, ಎಷ್ಟು ಜನ ಒಂದೊಂದು ತುಂಡು ಕೊಟ್ಟರು, ಇಷ್ಟೂ ಗೊತ್ತಾಗಬೇಕು. ಗದ್ದಲದ ಮನೆಯಲ್ಲಿ ಕೊನೆಯದು ಯಾರಿಗೂ ಗೊತ್ತಿರುವುದಿಲ್ಲ.

ಇನ್ನೂ ಹೆಚ್ಚು ಹೆದರಿಕೆ ನನಗೆ ಜೈಲಿಟಾಲ್ ಕಂಡರೆ, ಅದು ಸಕ್ಕರೆಯ ಬದಲು ಸಿಹಿಗೆಂದು ಹಾಕುವ ವಸ್ತು. ಸಕ್ಕರೆರಹಿತ ಚೂಯಿಂಗ್ ಗಮ್, ಮಿಂಟು, ಮಧುಮೇಹಿಗಳಿಗೆಂದು ಮಾಡಿದ ಕೆಲವು ಸಿಹಿಗಳು, ಕೆಲವು ಪೀನಟ್ ಬಟರ್‌ಗಳಲ್ಲಿ ಇರುತ್ತದೆ. ಮನುಷ್ಯರಿಗೆ ತೊಂದರೆ ಇಲ್ಲ. ನಾಯಿಯ ದೇಹ ಮಾತ್ರ ಇದನ್ನು ಕಂಡ ಕೂಡಲೇ ಇನ್ಸುಲಿನ್ ಸುರಿಸುತ್ತದೆ, ರಕ್ತದ ಸಕ್ಕರೆ ಕುಸಿಯುತ್ತದೆ, ಕೆಲವೊಮ್ಮೆ ಅರ್ಧ ಗಂಟೆಯೊಳಗೇ ತೂರಾಡಿ ಬೀಳುತ್ತದೆ. ಕೆಜಿಗೆ 0.1 ಗ್ರಾಂ ಸಾಕು. 0.5 ಗ್ರಾಂ ದಾಟಿದರೆ ಯಕೃತ್ತಿಗೂ ಪೆಟ್ಟು. ಲೇಬಲ್ಲಿನಲ್ಲಿ "ಬರ್ಚ್ ಶುಗರ್" ಎಂದಿದ್ದರೂ ಇದೇ ವಸ್ತು.

ದ್ರಾಕ್ಷಿ, ಒಣದ್ರಾಕ್ಷಿ ಕೆಲವು ನಾಯಿಗಳ ಮೂತ್ರಪಿಂಡವನ್ನು ಕೆಡಿಸುತ್ತವೆ. ಕಾರಣ ಏನೆಂದು ಬಹುಕಾಲ ತಿಳಿದಿರಲಿಲ್ಲ. ಬೇಕಿಂಗ್‌ಗೆ ಬಳಸುವ ಕ್ರೀಮ್ ಆಫ್ ಟಾರ್ಟರ್ ತಿಂದ ನಾಯಿಗಳಲ್ಲೂ ಅದೇ ರೀತಿಯ ಹಾನಿ ಕಂಡ ಮೇಲೆ, ಎರಡರಲ್ಲೂ ಇರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕು ಎಂದು 2021ರಲ್ಲಿ ಅಮೆರಿಕದ ಪಶುವೈದ್ಯರು ಬರೆದರು. ಹಣ್ಣಿನಿಂದ ಹಣ್ಣಿಗೆ ಆಮ್ಲದ ಪ್ರಮಾಣ ಬದಲಾಗುತ್ತದೆ, ಆದ್ದರಿಂದ "ಇಷ್ಟು ತಿಂದರೆ ಪರವಾಗಿಲ್ಲ" ಎಂಬ ಅಳತೆ ನಮ್ಮಲ್ಲಿ ಯಾರೂ ಕೊಡುವುದಿಲ್ಲ.

ಎರಡುಬಾಲ

ಡಾಕ್ಟ್ರೇ, ತುಂಬಾ ಉಪಕಾರವಾಯಿತು. ಈರುಳ್ಳಿ, ಬೆಳ್ಳುಳ್ಳಿ ಬೆಂದ ಮೇಲೆ ತೊಂದರೆ ಇಲ್ಲ ಎಂದು ನಮ್ಮ ಅತ್ತೆ ಹೇಳುತ್ತಾರೆ. ಮಾಂಸವನ್ನು ತೊಳೆದು ಹಾಕಿದರೆ ಆಗುತ್ತದಾ? ಮೂಳೆ ಕೊಡಬಹುದಾ?

ರಾತ್ರಿಪಾಳಿ ಪಶುವೈದ್ಯೆ

ಬೇಯಿಸಿದರೆ ಆ ವಿಷ ಹೋಗುವುದಿಲ್ಲ. ಒಣಗಿಸಿ ಪುಡಿ ಮಾಡಿದ್ದರಲ್ಲಿ ಇನ್ನೂ ಸಾಂದ್ರವಾಗಿರುತ್ತದೆ. ತೊಳೆದರೂ ಮಸಾಲೆಯ ರಸ ಮಾಂಸದೊಳಗೆ ಇಳಿದಿರುತ್ತದಲ್ಲ. ಈರುಳ್ಳಿ ಜಾತಿಯವು ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೆಕ್ಕಿಗೆ ಕೆಜಿಗೆ 5 ಗ್ರಾಂ ಈರುಳ್ಳಿ ಸಾಕು, ನಾಯಿಗೆ 15ರಿಂದ 30 ಗ್ರಾಂ. ಅಂದರೆ ನಾಲ್ಕು ಕೆಜಿಯ ಬೆಕ್ಕಿಗೆ 20 ಗ್ರಾಂ, ಒಂದು ಸಣ್ಣ ಈರುಳ್ಳಿಯೂ ಆಗಲಿಲ್ಲ. ಮೋಸವಾಗುವುದು ಎಲ್ಲಿ ಅಂದರೆ, ಲಕ್ಷಣ ಅವತ್ತೇ ಕಾಣುವುದಿಲ್ಲ. ಮೂರು ನಾಲ್ಕು ದಿನ ಬಿಟ್ಟು ಸುಸ್ತು, ಬಿಳಿಚಿದ ವಸಡು, ಕಂದು ಬಣ್ಣದ ಮೂತ್ರ. ಅಷ್ಟು ಹೊತ್ತಿಗೆ ಹಬ್ಬದೂಟ ಯಾರ ನೆನಪಿನಲ್ಲೂ ಇರುವುದಿಲ್ಲ, ನಾವು ಕೇಳಿದಾಗ "ಏನೂ ತಿಂದಿಲ್ಲ" ಎಂಬ ಉತ್ತರ ಬರುತ್ತದೆ.

ಬೆಂದ ಮೂಳೆ ಬೇಡ. ಬೆಂದಾಗ ಅದು ಪೆಡಸಾಗಿ ಚೂಪಾದ ಸೀಳುಗಳಾಗಿ ಒಡೆಯುತ್ತದೆ, ಗಂಟಲಲ್ಲೋ ಕರುಳಲ್ಲೋ ಚುಚ್ಚುತ್ತದೆ. ಕರಿದದ್ದು, ಕೊಬ್ಬು, ಚರ್ಮ ಒಮ್ಮೆಲೇ ಹೆಚ್ಚು ತಿಂದ ನಾಯಿಗೆ ಮೇದೋಜ್ಜೀರಕ ಗ್ರಂಥಿ ಊದಿಕೊಳ್ಳಬಹುದು. ಬೆನ್ನು ಗೂನು ಮಾಡಿ ನಿಲ್ಲುತ್ತದೆ, ಬಿಡದೆ ವಾಂತಿ, ಹೊಟ್ಟೆ ಮುಟ್ಟಗೊಡುವುದಿಲ್ಲ. ಈಸ್ಟ್ ಹಾಕಿ ಉಬ್ಬಲು ಇಟ್ಟ ಹಸಿ ಹಿಟ್ಟನ್ನು ಎಟುಕದ ಕಡೆ ಮುಚ್ಚಿಡಿ. ಹೊಟ್ಟೆಯ ಬಿಸಿಗೆ ಅದು ಒಳಗೇ ಉಬ್ಬುತ್ತದೆ, ಹುದುಗಿ ಆಲ್ಕೋಹಾಲ್ ಕೂಡ ಬಿಡುತ್ತದೆ.

ಅತ್ತೆಯವರ ಮನಸ್ಸಿಗೆ ಏನಾದರೂ ಕೊಡಬೇಕು ಅನ್ನಿಸಿದರೆ ಒಗ್ಗರಣೆ ಉಪ್ಪು ಏನೂ ಬೀಳುವ ಮೊದಲೇ ಬೇಯಿಸಿ ತೆಗೆದಿಟ್ಟ ಮೂಳೆಯಿಲ್ಲದ ಮಾಂಸದ ಚೂರು, ಬೇಯಿಸಿದ ಕ್ಯಾರೆಟ್, ಸಿಹಿಗುಂಬಳ ಆಗಬಹುದು.

ಬೆಕ್ಕಮ್ಮ

ಎಲ್ಲರೂ ನಾಯಿಯನ್ನೇ ಹಿಡಿದುಕೊಂಡಿದ್ದೀರಿ. ಬೆಕ್ಕಿನ ವಿಷಯ ಬೇರೆಯೇ. ಬೆಕ್ಕು ಸಿಹಿಗೆ ಬಾಯಿ ಹಾಕುವುದು ಕಡಿಮೆ. ಅದಕ್ಕೆ ಅಪಾಯ ಬರುವುದು ಊಟದಿಂದ ಮಾತ್ರವಲ್ಲ, ನೆಂಟರು ತರುವ ಹೂವು, ಉಡುಗೊರೆಗಳಿಂದಲೂ.

ಲಿಲ್ಲಿ ಇರುವ ಹೂಗುಚ್ಛ ಯಾರೇ ತಂದರೂ ಮನೆಯೊಳಗೆ ಬರಗೊಡಬೇಡಿ. ಎಲೆ ಕಚ್ಚುವುದು ಇರಲಿ, ಮೈಮೇಲೆ ಉದುರಿದ ಪರಾಗವನ್ನು ನೆಕ್ಕಿಕೊಂಡರೂ, ಹೂದಾನಿಯ ನೀರು ಕುಡಿದರೂ ಬೆಕ್ಕಿನ ಮೂತ್ರಪಿಂಡ ಕೈಕೊಡುತ್ತದೆ. ತಂದವರಿಗೆ ಮುಜುಗರವಾಗದಂತೆ ಹೇಳಿ, ಹೂವನ್ನು ಅವರ ವಾಹನದಲ್ಲೇ ಇಡಲಿ. ಎತ್ತರದ ಕಪಾಟಿನ ಮೇಲಿಟ್ಟರೆ ಸಾಕು ಅಂದುಕೊಳ್ಳಬೇಡಿ, ಬೆಕ್ಕು ಹತ್ತದ ಎತ್ತರ ಮನೆಯಲ್ಲಿ ಎಲ್ಲಿದೆ?

ಇನ್ನು ಉಡುಗೊರೆಗೆ ಕಟ್ಟಿದ ರಿಬ್ಬನ್, ದಾರ, ಅಲಂಕಾರದ ಮಿಂಚುಪಟ್ಟಿ. ಬೆಕ್ಕಿನ ನಾಲಿಗೆಯ ಮುಳ್ಳುಗಳು ಗಂಟಲ ಕಡೆಗೆ ಬಾಗಿರುತ್ತವೆ, ದಾರ ಬಾಯಿಗೆ ಹೋದರೆ ಉಗುಳುವುದು ಕಷ್ಟ, ನುಂಗುತ್ತಲೇ ಹೋಗುತ್ತದೆ. ಒಂದು ತುದಿ ನಾಲಿಗೆಯಡಿ ಸಿಕ್ಕಿ ಇನ್ನೊಂದು ತುದಿ ಕರುಳಿಗೆ ಇಳಿದರೆ, ಕರುಳು ನೆರಿಗೆಯಂತೆ ಮುದುಡಿಕೊಂಡು ದಾರವೇ ಅದನ್ನು ಕೊಯ್ಯುತ್ತದೆ. ಬಾಯಿಂದಾಗಲಿ ಹಿಂದಿನಿಂದಾಗಲಿ ದಾರ ಇಣುಕಿದರೆ ಎಳೆಯಬೇಡಿ, ಹಾಗೇ ಆಸ್ಪತ್ರೆಗೆ ಒಯ್ಯಿರಿ.

ನಿಮ್ಮದು ಗಂಡು ಬೆಕ್ಕು ಎಂದಿರಿ, ಅದೂ ಹೆದರುವ ಸ್ವಭಾವದ್ದು. ದಯವಿಟ್ಟು ಇದನ್ನು ಗಮನವಿಟ್ಟು ಓದಿ. ಮನೆ ತುಂಬ ಹೊಸಬರು ಇದ್ದಾಗ ಹೆದರಿದ ಬೆಕ್ಕು ನೀರು ಕುಡಿಯಲು, ಮೂತ್ರಕ್ಕೆ ಹೋಗಲು ಹೊರಗೆ ಬರುವುದಿಲ್ಲ. ಆ ಒತ್ತಡಕ್ಕೇ ಮೂತ್ರಕೋಶ ಊದಿಕೊಳ್ಳುವುದುಂಟು. ಗಂಡು ಬೆಕ್ಕಿನ ಮೂತ್ರನಾಳ ತೀರಾ ಕಿರಿದು, ಕಟ್ಟಿಕೊಂಡುಬಿಡುತ್ತದೆ. ಮತ್ತೆ ಮತ್ತೆ ಮಣ್ಣಿನ ತಟ್ಟೆಗೆ (ಬೆಕ್ಕು ಮಲಮೂತ್ರ ಮಾಡಲೆಂದು ಮಣ್ಣು ತುಂಬಿಟ್ಟ ತಟ್ಟೆ) ಹೋಗಿ ತಿಣುಕುವುದು, ಅರಚುವುದು, ಹನಿಯೂ ಬಾರದಿರುವುದು ಕಂಡರೆ ಮಲಬದ್ಧತೆ ಅಂದುಕೊಂಡು ಬೆಳಗಿನವರೆಗೆ ಕಾಯಬೇಡಿ. ಒಂದೆರಡು ದಿನದೊಳಗೆ ಪ್ರಾಣ ಹೋಗುತ್ತದೆ. ಬೆಕ್ಕಿಗೆ ನಾಯಿಯಿಂದ ಬೇರೆ ಕೋಣೆ ಕೊಡಿ. ಮಣ್ಣಿನ ತಟ್ಟೆ, ನೀರು, ಊಟ, ಅಡಗಲು ಒಂದು ರಟ್ಟಿನ ಪೆಟ್ಟಿಗೆ ಅಲ್ಲೇ ಇರಲಿ, ತಟ್ಟೆಯಿಂದ ನೀರು ದೂರ ಇರಲಿ. ನೆಂಟರು ಮಲಗುವ ಕೋಣೆಯಲ್ಲೇ ಅದರ ತಟ್ಟೆ ಇದ್ದರೆ ಈ ವಾರವೇ ಬೇರೆಡೆಗೆ ಸರಿಸಿ.

ರಾತ್ರಿಪಾಳಿ ಪಶುವೈದ್ಯೆ

ಬೆಕ್ಕಮ್ಮ ಅವರು ಬರೆದದ್ದು ಅಕ್ಷರಶಃ ಸರಿ. ಲಿಲ್ಲಿಗೆ ಒಂದು ಮಾತು ಸೇರಿಸುತ್ತೇನೆ: ತಿಂದು 18 ಗಂಟೆಯೊಳಗೆ ರಕ್ತನಾಳದ ಮೂಲಕ ದ್ರವ ಕೊಡಲು ಆರಂಭಿಸಿದರೆ ಬೆಕ್ಕು ಉಳಿಯುವ ಸಾಧ್ಯತೆ ಚೆನ್ನಾಗಿರುತ್ತದೆ, ತಡವಾದಷ್ಟೂ ಕೈಜಾರುತ್ತದೆ. ಲಕ್ಷಣಕ್ಕೆ ಕಾಯಬೇಡಿ.

ನಾಲ್ಕನೇಮಹಡಿ

ಚೀಲಗಳ ಮಾತು ಬಂತು, ಅದನ್ನು ಬಿಟ್ಟು ಮುಂದೆ ಹೋಗಬೇಡಿ. ನಮ್ಮ ಮನೆಗೆ ಬಂದ ಹಿರಿಯರೊಬ್ಬರು ತಮ್ಮ ಕೈಚೀಲವನ್ನು ಮಂಚದ ಪಕ್ಕ ನೆಲದ ಮೇಲಿಟ್ಟಿದ್ದರು. ಅದರಲ್ಲಿ ವಾರದ ಮಾತ್ರೆಗಳ ಡಬ್ಬಿ. ನಾಯಿಗೆ ಅದು ಗಲಗಲ ಸದ್ದು ಮಾಡುವ ಆಟಿಕೆ. ಅಗಿದು ಒಡೆದು ಅರ್ಧಕ್ಕರ್ಧ ನುಂಗಿತ್ತು. ಯಾವ ಮಾತ್ರೆ ಎಷ್ಟಿತ್ತು ಎಂದು ಲೆಕ್ಕ ಹಾಕಲು ಅವರ ಮಗನಿಗೆ ಫೋನು ಮಾಡಬೇಕಾಯಿತು. ನಾಯಿ ಉಳಿಯಿತು, ಕೆಲವು ದಿನ ಆಸ್ಪತ್ರೆಯಲ್ಲಿತ್ತು. ಈಗ ನಮ್ಮಲ್ಲಿ ಬಾಗಿಲ ಬಳಿಯೇ ಒಂದು ಕಪಾಟು ಖಾಲಿ ಮಾಡಿಟ್ಟಿರುತ್ತೇವೆ. ಬಂದವರ ಚೀಲವೆಲ್ಲ ಅದರೊಳಗೆ, ಬಾಗಿಲು ಹಾಕಿ. ಪ್ರಾಣಿಯ ಸಲುವಾಗಿ ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ.

ರಾತ್ರಿಪಾಳಿ ಪಶುವೈದ್ಯೆ

ಒಳ್ಳೆಯ ವ್ಯವಸ್ಥೆ. ಪ್ಯಾರಸಿಟಮಾಲ್ 500 ಮಿಲಿಗ್ರಾಂನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಅದನ್ನು ಕರಗಿಸಿ ಹೊರಹಾಕುವ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ತೀರಾ ಕಡಿಮೆ. ಐಬುಪ್ರೊಫೇನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಮೂತ್ರಪಿಂಡವನ್ನೂ ಹಾಳು ಮಾಡುತ್ತದೆ. ಮಿನುಗುವ ಆಟಿಕೆ, ರಿಮೋಟುಗಳ ಗುಂಡಿ ಬ್ಯಾಟರಿ ನುಂಗಿದರೆ ಅನ್ನನಾಳ ಸುಡಲು ಗಂಟೆಗಳೂ ಬೇಡ. ಮಕ್ಕಳು ಹೊಸ ಆಟಿಕೆ ಬಿಚ್ಚುವ ಜಾಗದಲ್ಲಿ ನಾಯಿ ಇರಬಾರದು.

ಗಿಳಿಗೂಡು

ಹಕ್ಕಿ ಸಾಕಿದವರಿಗೆ: ನಾನ್‌ಸ್ಟಿಕ್ ಬಾಣಲೆ ಖಾಲಿಯಾಗಿ ಒಲೆಯ ಮೇಲೆ ಕಾದರೆ ಅದರ ಲೇಪ ಬಿಡುವ ಹೊಗೆ ನಿಮಿಷಗಳಲ್ಲಿ ಹಕ್ಕಿಯನ್ನು ಕೊಲ್ಲುತ್ತದೆ. ನಮಗೆ ವಾಸನೆಯೂ ಬಂದಿರುವುದಿಲ್ಲ. ಹಬ್ಬದ ದಿನ ನಾಲ್ಕೂ ಒಲೆ ಉರಿಯುತ್ತಿರುವಾಗ ಒಂದು ಬಾಣಲೆ ಮರೆತುಹೋಗುವುದು ಸಹಜ. ಪಂಜರವನ್ನು ಅಡುಗೆಮನೆಯಿಂದ ಎಷ್ಟು ದೂರ ಸಾಧ್ಯವೋ ಅಷ್ಟು ದೂರ, ಬೇರೆ ಕಿಟಕಿಯಿರುವ ಕೋಣೆಗೆ ಒಯ್ಯಿರಿ. ಸುಗಂಧದ ಮೇಣದಬತ್ತಿ, ರೂಮ್ ಸ್ಪ್ರೇ ಆ ಕೋಣೆಯಲ್ಲಿ ಬೇಡ. ಬೆಣ್ಣೆಹಣ್ಣು ಹಕ್ಕಿಗೆ ವಿಷ, ಚಾಕೊಲೇಟೂ ವಿಷ.

ಮೊಲದಮನೆ

ಮೊಲಕ್ಕೂ ಒಂದು ಸಾಲು ಇರಲಿ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ಗದ್ದಲಕ್ಕೆ ಹೆದರಿ ಅರ್ಧ ದಿನ ಹುಲ್ಲು ಮುಟ್ಟದಿದ್ದರೆ, ಹಿಕ್ಕೆ ನಿಂತರೆ ಅದು ತುರ್ತು, ಕರುಳಿನ ಚಲನೆ ನಿಲ್ಲುತ್ತಿದೆ ಎಂದರ್ಥ. ಅಲಂಕಾರದ ದೀಪದ ವೈರುಗಳನ್ನು ನೆಲಮಟ್ಟದಲ್ಲಿ ಬಿಡಬೇಡಿ, ಕಡಿದುಹಾಕುತ್ತವೆ.

ದೊಡ್ಡಮನೆ

ಡಾಕ್ಟರಮ್ಮ, ಓದಿದೆ. ಮಾತ್ರೆ ಡಬ್ಬಿಯ ಪ್ರಸಂಗವನ್ನು ಮನೆಯವರಿಗೂ ಓದಿ ಹೇಳಿದೆ. ಎಂಜಲಿನ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ಕೂಡಿಹಾಕುವುದರ ಬಗ್ಗೆ ಇನ್ನೂ ಮನಸ್ಸು ಒಪ್ಪುತ್ತಿಲ್ಲ. ನಮ್ಮ ನಾಯಿಗೆ ಜನ ಅಂದರೆ ಪ್ರಾಣ. ಮಕ್ಕಳು ಕಿವಿ ಹಿಡಿದೆಳೆದರೂ ಸುಮ್ಮನೆ ಇರುತ್ತದೆ. ಅಂಥದ್ದಕ್ಕೂ ಕೋಣೆಯೇ?

ನಾಯಿಶಾಲೆ

ಅಣ್ಣಾ, ಇಡೀ ದಿನ ಕೋಣೆಯಲ್ಲೇ ಇರಲಿ ಎಂದು ನಾನು ಹೇಳುತ್ತಿಲ್ಲ. ಜನರನ್ನು ಇಷ್ಟಪಡುವ ನಾಯಿ ಜೊತೆಗೇ ಇರಲಿ, ಹಗ್ಗದ ತುದಿ ಹೊಣೆ ಹೊತ್ತವರ ಕೈಯಲ್ಲಿರಲಿ. ನೆಂಟರು ಒಳಬರುವಾಗ, ಊಟ ಬಡಿಸುವಾಗ, ತಟ್ಟೆ ಎತ್ತುವಾಗ, ಎಲ್ಲರೂ ಹೊರಡುವಾಗ, ಈ ನಾಲ್ಕು ಹೊತ್ತು ಮಾತ್ರ ಒಳಗೆ. ಎಡವಟ್ಟಾಗುವುದು ಹೆಚ್ಚಾಗಿ ಆಗಲೇ.

ಆದರೆ "ಕಿವಿ ಎಳೆದರೂ ಸುಮ್ಮನೆ ಇರುತ್ತದೆ" ಎಂದಿರಲ್ಲ, ಅಲ್ಲಿ ನನಗೆ ಭಯ. ಸುಮ್ಮನಿರುವುದಕ್ಕೂ ಸುಖವಾಗಿರುವುದಕ್ಕೂ ವ್ಯತ್ಯಾಸ ಇದೆ. ಮಗು ಮೇಲೆ ಬಿದ್ದಾಗ ನಿಮ್ಮ ನಾಯಿಯ ಮುಖ ನೋಡಿ. ತಿನ್ನಲು ಏನೂ ಇಲ್ಲದೆ ಮೂತಿ ನೆಕ್ಕಿಕೊಳ್ಳುತ್ತದೆಯೇ, ನಿದ್ದೆಯಿಲ್ಲದೆ ಆಕಳಿಸುತ್ತದೆಯೇ, ಮುಖ ಅತ್ತ ತಿರುಗಿಸಿ ಕಣ್ಣಿನ ಬಿಳಿ ಕಾಣುವಂತೆ ಓರೆನೋಟ ಬೀರುತ್ತದೆಯೇ, ಬಾಲ ಕೆಳಗಿಳಿದಿದೆಯೇ? ಇವೆಲ್ಲ "ಸಾಕು" ಎಂಬ ಮಾತು. ಮೈ ಮರಗಟ್ಟಿದಂತೆ ಅಲುಗದೆ ನಿಂತರೆ ಮುಂದಿನದ್ದು ಕಡಿತ. ಮಕ್ಕಳನ್ನು ಕಚ್ಚುವುದು ಬೀದಿಯ ಅಪರಿಚಿತ ನಾಯಿಗಳು ಮಾತ್ರವಲ್ಲ, ಆ ಮಕ್ಕಳಿಗೆ ಗೊತ್ತಿರುವ ಮನೆಯ ನಾಯಿಗಳೂ ಕಚ್ಚುತ್ತವೆ.

ಗುರ್ ಎಂದದ್ದಕ್ಕೆ ಎಂದೂ ಹೊಡೆಯಬೇಡಿ, ಬೈಯಲೂಬೇಡಿ. ಗುರುಗುಟ್ಟುವುದು ಅದು ಕೊಡುವ ಎಚ್ಚರಿಕೆ. ಅದನ್ನು ಅಡಗಿಸಿದರೆ ಮುಂದೆ ಎಚ್ಚರಿಕೆಯಿಲ್ಲದೆ ಕಚ್ಚುವ ನಾಯಿ ತಯಾರಾಗುತ್ತದೆ. ಮಗುವನ್ನು ಎತ್ತಿಕೊಂಡು ನಾಯಿಗೆ ಜಾಗ ಮಾಡಿಕೊಡಿ, ಅಷ್ಟೇ. ಅಂಬೆಗಾಲಿಡುವ ಕೂಸು ಮತ್ತು ಉಣ್ಣುತ್ತಿರುವ ನಾಯಿ ಒಂದೇ ನೆಲದ ಮೇಲೆ ಇರಲೇಬಾರದು. ಎರಡುಬಾಲ ಅವರಿಗೂ ಈ ಮಾತು.

ಎರಡುಬಾಲ

ತಮ್ಮನ ಮಗಳು ಹದಿನೇಳರವಳು, ಹೊಣೆ ಅವಳದೇ ಎಂದು ಮಾತಾಡಿಯಾಯಿತು. ತುಂಬಾ ಖುಷಿಯಿಂದ ಒಪ್ಪಿಕೊಂಡಳು. ಆದರೆ ಹಿರಿಯರಿಗೆ "ಹಾಕಬೇಡಿ" ಎನ್ನಲು ಅವಳಿಗೆ ಬಾಯಿ ಬರುವುದಿಲ್ಲ, ನನಗೂ ಬರುವುದಿಲ್ಲ. ಅದಕ್ಕೇನು ಮಾಡುವುದು?

ಬೆಕ್ಕಮ್ಮ

ಬೇಡ ಎನ್ನುವ ಬದಲು ಕೈಗೆ ಏನಾದರೂ ಕೊಟ್ಟುಬಿಡಿ. ನಾಯಿಯ ಆ ದಿನದ ಊಟದಲ್ಲೇ ಒಂದು ಪಾಲು ತೆಗೆದು ಬಟ್ಟಲಿನಲ್ಲಿ ಹಾಕಿ ಅವಳ ಹತ್ತಿರ ಇರಲಿ. "ದೊಡ್ಡಪ್ಪ, ಇದನ್ನು ನೀವೇ ಕೊಡಿ" ಎಂದು ಒಂದೆರಡು ಕಾಳು ಅವರ ಅಂಗೈಗೆ ಹಾಕಿದರೆ ಕೊಟ್ಟ ತೃಪ್ತಿ ಅವರಿಗೂ ಸಿಗುತ್ತದೆ, ತಟ್ಟೆಯಿಂದ ತುತ್ತು ಇಳಿಯುವುದಿಲ್ಲ. ಮಾತು ಮೊದಲೇ ಕಿವಿಗೆ ಬೀಳುವುದೂ ಒಳ್ಳೆಯದು. ಕರೆಯಲು ಫೋನು ಮಾಡಿದಾಗಲೇ "ನಾಯಿಗೆ ಹೊಟ್ಟೆ ಸೂಕ್ಷ್ಮ, ಡಾಕ್ಟರು ಬೇರೆ ಏನೂ ಕೊಡಬೇಡಿ ಅಂದಿದ್ದಾರೆ" ಎಂದುಬಿಡಿ. ಇಲ್ಲಿ ಡಾಕ್ಟರು ಹೇಳಿಯೇ ಇದ್ದಾರಲ್ಲ, ಸುಳ್ಳೇನೂ ಅಲ್ಲ.

ನಾಲ್ಕನೇಮಹಡಿ

ಬಾಗಿಲಿನ ಬಗ್ಗೆ ಯಾರೂ ಹೇಳಿಲ್ಲ. ಇಪ್ಪತ್ತು ಜನ ಬರುವುದೆಂದರೆ ಬಾಗಿಲು ನಲವತ್ತು ಸಲ ತೆರೆದಂತೆ. ಒಬ್ಬರು ಒಳಗೆ ಬರುತ್ತಾ ಹಿಂದೆ ಬರುವವರಿಗೆಂದು ತೆರೆದೇ ಬಿಡುತ್ತಾರೆ. ಕತ್ತುಪಟ್ಟಿಗೆ ಫೋನ್ ನಂಬರ್ ಇರುವ ಬಿಲ್ಲೆ ಹಾಕಿ, ಮನೆಯೊಳಗಿದ್ದರೂ ಆ ದಿನ ಪಟ್ಟಿ ತೆಗೆಯಬೇಡಿ. ಬೆಕ್ಕಿಗಾದರೆ ಎಳೆದರೆ ಬಿಚ್ಚಿಕೊಳ್ಳುವ ಪಟ್ಟಿ. ಮೈಕ್ರೋಚಿಪ್ ಹಾಕಿಸಿದ್ದರೆ ಅದರಲ್ಲಿ ನೋಂದಾಯಿಸಿದ ನಂಬರ್ ಈಗಲೂ ನಿಮ್ಮದೇ ಎಂದು ಈ ವಾರ ನೋಡಿಕೊಳ್ಳಿ. ಅದು ಚರ್ಮದಡಿ ಕೂರಿಸುವ ಅಕ್ಕಿಕಾಳಿನಷ್ಟು ಚಿಪ್, ಪ್ರಾಣಿ ಎಲ್ಲಿದೆ ಎಂದು ತೋರಿಸುವುದಿಲ್ಲ. ಸಿಕ್ಕವರು ಆಸ್ಪತ್ರೆಗೋ ಆಶ್ರಯತಾಣಕ್ಕೋ ಒಯ್ದು ಓದಿಸಿದಾಗ ಬರುವುದು ಒಂದು ಸಂಖ್ಯೆ ಮಾತ್ರ. ಆ ಸಂಖ್ಯೆಯ ಎದುರು ಹಳೇ ಫೋನ್ ನಂಬರ್ ಇದ್ದರೆ ಇದ್ದೂ ಇಲ್ಲದಂತೆ.

ಹೊಸಮರಿ

ಪಟಾಕಿ ಸದ್ದಿಗೆ ನಮ್ಮ ಮರಿ ನಡುಗುತ್ತದೆ. ಎತ್ತಿ ಸಮಾಧಾನ ಮಾಡಿದರೆ ಹೆದರಿಕೆ ರೂಢಿಯಾಗುತ್ತದೆ ಎಂದು ಕೆಲವರು ಹೇಳುತ್ತಾರೆ. ಹೌದಾ?

ನಾಯಿಶಾಲೆ

ಇಲ್ಲ. ಹೆದರಿಕೆ ಬೇಕೆಂದು ಮಾಡುವ ಚೇಷ್ಟೆಯಲ್ಲ, ಸಮಾಧಾನ ಮಾಡಿದರೆ ಬೆಳೆಯುವುದೂ ಇಲ್ಲ. ಹತ್ತಿರ ಬಂದರೆ ಕೂರಿಸಿಕೊಳ್ಳಿ, ಅಡಗಬೇಕು ಎಂದರೆ ಅಡಗಲು ಬಿಡಿ, ಎಳೆದು ಹೊರಗೆ ತರಬೇಡಿ. ಕಿಟಕಿ ಮುಚ್ಚಿ ಪರದೆ ಎಳೆದು, ಫ್ಯಾನೋ ಟಿವಿಯೋ ಹಾಕಿಡಿ. ಕತ್ತಲಾಗುವ ಮೊದಲೇ ಹೊರಗೆ ತಿರುಗಾಡಿಸಿ ತನ್ನಿ.

ರಾತ್ರಿಪಾಳಿ ಪಶುವೈದ್ಯೆ

ತೀರಾ ಹೆದರುವ ನಾಯಿಗೆ ಔಷಧ ಇದೆ, ಕೇಳಲು ಸಂಕೋಚ ಬೇಡ. ಆದರೆ ಒಂದೆರಡು ವಾರ ಮೊದಲೇ ಬನ್ನಿ, ಶಾಂತ ದಿನವೊಂದರಲ್ಲಿ ಕೊಟ್ಟು ಹೇಗೆ ಒಗ್ಗುತ್ತದೆ ನೋಡಬೇಕು. ಮನುಷ್ಯರ ನಿದ್ದೆ ಮಾತ್ರೆಯನ್ನು ಅಂದಾಜಿನಲ್ಲಿ ಕೊಡಬೇಡಿ.

ಏನಾದರೂ ತಿಂದೇಬಿಟ್ಟರೆ ಏನು ಮಾಡಬೇಕು ಎಂದು ಯಾರೂ ಕೇಳಿಲ್ಲ, ಆದರೂ ಬರೆಯುತ್ತೇನೆ. ಹಬ್ಬದ ದಿನ ಯಾವ ಆಸ್ಪತ್ರೆ ತೆರೆದಿರುತ್ತದೆ, ರಾತ್ರಿ ಯಾರಿದ್ದಾರೆ ಎಂದು ಈಗಲೇ ಫೋನು ಮಾಡಿ ತಿಳಿದುಕೊಂಡು ಆ ನಂಬರ್ ಅನ್ನು ಹೊಣೆ ಹೊತ್ತವರ ಫೋನಿನಲ್ಲೂ ಹಾಕಿಡಿ. ತಿಂದದ್ದು ಗೊತ್ತಾದ ಕೂಡಲೇ ಉಳಿದ ಚೂರು, ಹೊದಿಕೆ, ಲೇಬಲ್ಲು ಎತ್ತಿಟ್ಟುಕೊಳ್ಳಿ. ಗಂಟೆ ನೋಡಿಕೊಳ್ಳಿ. ನಾಯಿಯ ತೂಕ ಗೊತ್ತಿರಲಿ. ಫೋನಿನಲ್ಲಿ ನಾವು ಮೊದಲು ಕೇಳುವುದು ಈ ಮೂರನ್ನೇ: ಏನು, ಎಷ್ಟು ಹೊತ್ತಾಯಿತು, ಎಷ್ಟು ಕೆಜಿ.

ಮನೆಯಲ್ಲಿ ವಾಂತಿ ಮಾಡಿಸಲು ಹೋಗಬೇಡಿ. ಉಪ್ಪುನೀರು ಕುಡಿಸುವುದಂತೂ ಬೇಡವೇ ಬೇಡ. ರಕ್ತದಲ್ಲಿ ಸೋಡಿಯಂ ಏರಿ ಚಾಕೊಲೇಟಿಗಿಂತ ಆ ಉಪ್ಪೇ ಪ್ರಾಣಕ್ಕೆ ಎರವಾಗಬಹುದು. ಬ್ಯಾಟರಿ, ಚೂಪಾದ ಮೂಳೆ, ಆಮ್ಲದಂಥದ್ದು ನುಂಗಿದ್ದರೆ ವಾಂತಿಯಲ್ಲಿ ಅದು ಮತ್ತೊಮ್ಮೆ ಗಾಯ ಮಾಡುತ್ತಾ ಮೇಲೆ ಬರುತ್ತದೆ. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು ಮಾಡಿಸಬಹುದು, ಅದು ಚೆನ್ನಾಗಿ ಫಲ ಕೊಡುವುದು ತಿಂದ ಒಂದೆರಡು ಗಂಟೆಯೊಳಗೆ. ಯಾರು ಕೊಟ್ಟರು ಎಂಬ ವಿಚಾರಣೆ ಆಮೇಲೆ ಇರಲಿ. ಬೈಗುಳಕ್ಕೆ ಹೆದರಿ ಮಗುವೊಂದು ಕೊಟ್ಟದ್ದನ್ನು ಮುಚ್ಚಿಟ್ಟರೆ ನಮಗೆ ಸಿಗಬೇಕಾದ ಹೊತ್ತು ಕಳೆದುಹೋಗುತ್ತದೆ.

ಇನ್ನೊಂದು ಲಕ್ಷಣ ಎಲ್ಲರಿಗೂ ಗೊತ್ತಿರಲಿ. ಎದೆ ಆಳವಾಗಿರುವ ದೊಡ್ಡ ತಳಿಯ ನಾಯಿ ವಾಂತಿಗೆ ಮತ್ತೆ ಮತ್ತೆ ಯತ್ನಿಸಿ ಏನೂ ಬಾರದೆ, ಹೊಟ್ಟೆ ಉಬ್ಬಿ ತಮಟೆಯಂತೆ ಬಿಗಿದಿದ್ದರೆ ಜಠರ ತಿರುಚಿಕೊಂಡಿದೆ ಎಂದೇ ತಿಳಿದು ಆ ಕ್ಷಣ ಹೊರಡಿ.

ದೊಡ್ಡಮನೆ

ಊಟ ಮುಗಿದ ಮೇಲಿನ ಕಸವನ್ನು ನಾವು ಹಿತ್ತಲಲ್ಲಿ ಇಡುತ್ತೇವೆ. ಅದನ್ನೂ ಸರಿಸಬೇಕೇನು?

ರಾತ್ರಿಪಾಳಿ ಪಶುವೈದ್ಯೆ

ಖಂಡಿತ. ಮೂಳೆ, ಕಡ್ಡಿ, ಎಣ್ಣೆ ಹತ್ತಿದ ಫಾಯಿಲ್, ಮೆಕ್ಕೆಜೋಳದ ದಿಂಡು ಎಲ್ಲ ಅದರೊಳಗಿರುತ್ತದೆ. ದಿಂಡು ಕರುಳಲ್ಲಿ ಅಡ್ಡ ಸಿಕ್ಕಿದರೆ ಶಸ್ತ್ರಚಿಕಿತ್ಸೆಯೇ ಗತಿ. ಎರಡು ದಿನ ಬಿಟ್ಟರೆ ಬೂಸ್ಟು ಹಿಡಿಯುತ್ತದೆ, ಕೆಲವು ಬೂಸ್ಟಿನ ವಿಷಕ್ಕೆ ನಾಯಿ ಮೈಯೆಲ್ಲ ನಡುಗಿ ಬೀಳುತ್ತದೆ. ಚಿಪ್ಸ್ ಪ್ಯಾಕೆಟ್ಟುಗಳನ್ನು ಕತ್ತರಿಸಿ ಬಿಚ್ಚಿ ಹಾಕಿ. ತಲೆ ತೂರಿಸಿ ಉಸಿರೆಳೆದಂತೆ ಅದು ಮುಖಕ್ಕೆ ಅಂಟಿ ಬಿಗಿಯುತ್ತದೆ, ನಿಮಿಷಗಳಲ್ಲಿ ಉಸಿರು ನಿಲ್ಲುತ್ತದೆ. ಮುಚ್ಚಳ ಬಿಗಿಯುವ ಡಬ್ಬಿಯಲ್ಲಿ ಕಟ್ಟಿ ಅವತ್ತೇ ಹೊರಗೆ ಹಾಕಿ.

ಹೊಸಮರಿ

ನಾವು ನೆಂಟರಾಗಿ ಹೋಗುವವರು. ಮರಿಯನ್ನೂ ಕರೆದುಕೊಂಡು ಹೋಗಬಹುದಾ?

ನಾಯಿಶಾಲೆ

ಮೊದಲು ಮನೆಯವರನ್ನು ಕೇಳಿ, "ತಂದರೆ ತೊಂದರೆ ಇಲ್ಲ ತಾನೇ" ಎಂದಲ್ಲ, "ಅದಕ್ಕೊಂದು ಮುಚ್ಚಿದ ಕೋಣೆ ಸಿಗುತ್ತದೆಯೇ" ಎಂದು ಕೇಳಿ. ಸಿಗುವುದಿಲ್ಲ ಎಂದರೆ ಅದಕ್ಕೆ ಪರಿಚಯ ಇರುವವರ ಹತ್ತಿರ ಬಿಟ್ಟು ಹೋಗಿ. ಅಲ್ಲಿ ಬೇರೆ ನಾಯಿ ಇದ್ದರೆ ಮೊದಲ ಭೇಟಿ ಮನೆಯೊಳಗೆ ಬೇಡ, ಹೊರಗೆ ಒಟ್ಟಿಗೆ ನಡೆಸಿಕೊಂಡು ಹೋಗಿ ಆಮೇಲೆ ಒಳಗೆ ಬನ್ನಿ. ಊಟ ಬೇರೆ ಬೇರೆ ಕೋಣೆಯಲ್ಲಿ ಹಾಕಿ. ಅದರ ಹಾಸಿಗೆ, ಅದರ ಆಹಾರ, ನೀರಿನ ಬಟ್ಟಲು ಜೊತೆಗೆ ಒಯ್ಯಿರಿ. ಲಸಿಕೆಗಳೆಲ್ಲ ಮುಗಿದಿಲ್ಲದ ಮರಿಯಾದರೆ ಈ ವರ್ಷ ಕರೆದೊಯ್ಯಬೇಡಿ, ಬೇರೆ ನಾಯಿಗಳು ಓಡಾಡಿದ ನೆಲದಿಂದಲೂ ಪಾರ್ವೊ ಎಂಬ ಮಾರಕ ವಾಂತಿಭೇದಿ ರೋಗ ಬರುತ್ತದೆ.